ರದ್ದಿಗೆ ಹೋದ ಗ್ರಂಥ, ಉಳಿದ ಹಕ್ಕಿ

ಅಲೆನ್ ಆಕ್ಟೇವಿಯನ್ ಹ್ಯೂಮ್ ಎಂದೊಡನೆ ನೆನಪಾಗುವುದು 1885ರ ಡಿಸೆಂಬರ್‌ನಲ್ಲಿ ಹುಟ್ಟಿದ ಭಾರತ ರಾಷ್ಟ್ರೀಯ ಕಾಂಗ್ರೆಸ್. ಅದೇ ವರ್ಷ ಅವರು ತಮ್ಮ ಬದುಕಿನ ಇನ್ನೊಂದು ದೊಡ್ಡ ಸಾಧನೆಯನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ಲಂಡನ್ನಿಗೆ ಕಳುಹಿಸಿಕೊಟ್ಟರೆಂಬುದು ಅನೇಕರಿಗೆ ತಿಳಿಯದು. ಅದು ಅವರ ಪಕ್ಷಿ ಸಂಗ್ರಹ.

ಹ್ಯೂಮ್ ವೃತ್ತಿಯಿಂದ ಸರ್ಕಾರಿ ಅಧಿಕಾರಿ. ಪಕ್ಷಿಶಾಸ್ತ್ರ ಅವರ ಹವ್ಯಾಸ. ಇಟಾವಾದಲ್ಲಿದ್ದಾಗ ಕೂಡಿಸಿದ್ದ ಮೊದಲ ಸಂಗ್ರಹ 1857ರ ದಂಗೆಯಲ್ಲಿ ನಾಶವಾಯಿತು. ಅವರು ಎದೆಗುಂದದೆ ಮತ್ತೆ ಆರಂಭಿಸಿದರು. ಹಕ್ಕಿಯನ್ನು ಕೋವಿಯಿಂದ ಹೊಡೆದು, ಚರ್ಮ ಸುಲಿದು ಒಣಗಿಸಿ, ಸಿಕ್ಕಿದ ಸ್ಥಳ ಮತ್ತು ದಿನಾಂಕದ ಚೀಟಿಯನ್ನು ಕಾಲಿಗೆ ಕಟ್ಟುವುದು ಆ ಕಾಲದ ಅಧ್ಯಯನ ಕ್ರಮ. 1872ರಲ್ಲಿ ಅವರು ಆರಂಭಿಸಿದ 'ಸ್ಟ್ರೇ ಫೆದರ್ಸ್' ಪತ್ರಿಕೆ ದೇಶದ ಮೂಲೆಮೂಲೆಯ ಹವ್ಯಾಸಿಗಳನ್ನು ಒಂದುಗೂಡಿಸಿತು. ಶಿಮ್ಲಾದ ಅವರ ಮನೆ 'ರಾತ್ನಿ ಕ್ಯಾಸಲ್' ಒಂದು ವಸ್ತುಸಂಗ್ರಹಾಲಯವೇ ಆಯಿತು.

ಈ ಶ್ರಮವೆಲ್ಲ ಭಾರತದ ಪಕ್ಷಿಗಳ ಕುರಿತ ಒಂದು ಬೃಹತ್ ಗ್ರಂಥಕ್ಕಾಗಿ. ಆದರೆ 1884ರ ಚಳಿಗಾಲದಲ್ಲಿ ಹ್ಯೂಮ್ ಊರಿನಲ್ಲಿಲ್ಲದಾಗ ಸೇವಕನೊಬ್ಬ ಹಸ್ತಪ್ರತಿಗಳ ರಾಶಿಯನ್ನು ಶಿಮ್ಲಾ ಪೇಟೆಯಲ್ಲಿ ರದ್ದಿ ಕಾಗದದ ಬೆಲೆಗೆ ಮಾರಿಬಿಟ್ಟ. ಸುಮಾರು 25 ವರ್ಷಗಳ ದುಡಿಮೆ ಅಂಗಡಿಗಳ ಪೊಟ್ಟಣವಾಯಿತು.

ಮನನೊಂದ ಹ್ಯೂಮ್ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನ ಮಾಡಿದರು. ಅದನ್ನು ಒಯ್ಯಲು ಅಲ್ಲಿಂದ ಬೌಡ್ಲರ್ ಶಾರ್ಪ್ ಬರುವ ಹೊತ್ತಿಗಾಗಲೇ ಸುಮಾರು 20,000 ಮಾದರಿಗಳು ಹುಳುಗಳ ಪಾಲಾಗಿದ್ದವು. ಉಳಿದ ಸುಮಾರು 82,000 ಮಾದರಿಗಳು ದೇವದಾರು ಮರದ 47 ಪೆಟ್ಟಿಗೆಗಳಲ್ಲಿ ಬೆಟ್ಟವಿಳಿದು ಬೊಂಬಾಯಿ ಸೇರಿ, ಹಡಗು ಹತ್ತಿದವು.

ಆ ಸಂಗ್ರಹದಲ್ಲಿ ಒಂದು ಪುಟ್ಟ ಕಂದು ಹಕ್ಕಿಯಿತ್ತು. 1867ರಲ್ಲಿ ಸಟ್ಲೆಜ್ ಕಣಿವೆಯ ರಾಂಪುರದ ಬಳಿ ಹ್ಯೂಮ್‌ಗೆ ಸಿಕ್ಕಿದ್ದ, ದೊಡ್ಡ ಕೊಕ್ಕಿನ ಜೊಂಡು ಉಲಿಯಕ್ಕಿ. ಅಂಥ ಇನ್ನೊಂದು ಹಕ್ಕಿ ಎಲ್ಲೂ ಸಿಗಲಿಲ್ಲ. ಅದು ಬೇರೆ ಪ್ರಭೇದವೇ ಅಲ್ಲವೆಂದು ಹಲವು ತಜ್ಞರು ಅನುಮಾನಪಟ್ಟರು. 2002ರಲ್ಲಿ ಅದೇ ಒಣಚರ್ಮದ ಡಿಎನ್ಎ ಪರೀಕ್ಷೆಯಿಂದ ಹ್ಯೂಮ್ ಮಾತು ನಿಜವೆಂದು ರುಜುವಾತಾಯಿತು. 2006ರಲ್ಲಿ ಥಾಯ್ಲೆಂಡ್‌ನಲ್ಲಿ ಆ ಹಕ್ಕಿ ಜೀವಂತವಾಗಿಯೇ ಬಲೆಗೆ ಬಿತ್ತು.

ಸಾವಿರಾರು ಹಕ್ಕಿಗಳ ಜೀವ ತೆಗೆದ ಹವ್ಯಾಸವನ್ನು ಇಂದು ಮೆಚ್ಚುವುದು ಕಷ್ಟ. ಥಿಯಾಸಫಿಯ ಪ್ರಭಾವಕ್ಕೆ ಒಳಗಾಗಿ ಸಸ್ಯಾಹಾರಿಯಾದ ಹ್ಯೂಮ್ ಕೂಡ ಮುಂದೆ ಹಕ್ಕಿಗಳನ್ನು ಬಿಟ್ಟು ಸಸ್ಯಗಳ ಸಂಗ್ರಹಕ್ಕೆ ತಿರುಗಿದರು. 1912ರಲ್ಲಿ ತೀರಿಕೊಂಡ ಅವರ ಗ್ರಂಥ ಬೆಳಕು ಕಾಣಲೇ ಇಲ್ಲ. ಆದರೆ ಹಕ್ಕಿಯ ಕಾಲಿಗೆ ಕಟ್ಟಿದ ಒಂದು ಚೀಟಿ 135 ವರ್ಷಗಳ ನಂತರವೂ ಅವರ ಪರ ಸಾಕ್ಷಿ ನುಡಿಯಿತು.