30 ವ್ಯಾಟ್‌ನಿಂದ 100 ವ್ಯಾಟ್‌ಗೆ: ಬನಹಟ್ಟಿಯ ಮಗ್ಗದ ಮನೆಗೆ ಧಾರವಾಡ ಆಕಾಶವಾಣಿ ಕೇಳಿಸುವ ದಾರಿ

ಇವತ್ತಿನ ಸಂಚಿಕೆಯನ್ನ ಒಂದು ಸದ್ದಿನಿಂದ ಶುರು ಮಾಡೋಣ.

ಬನಹಟ್ಟಿ, ರಬಕವಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಗಾದರೆ ಓಣಿ ಓಣಿಯಲ್ಲೂ ಪವರ್‌ಲೂಮ್ ಖಟಖಟ. ಅದರ ನಡುವೆ ರೇಡಿಯೊ ಹಚ್ಚಿ ಮೀಡಿಯಂ ವೇವ್‌ನಲ್ಲಿ ಧಾರವಾಡ ಹಿಡಿಯೋಕೆ ಹೋದರೆ ಇನ್ನೊಂದು ಸದ್ದು ಬರುತ್ತೆ, ಕರ್ರ್ ಅಂತ. ಮಗ್ಗದ ಸದ್ದನ್ನ ವಾಲ್ಯೂಮ್ ಏರಿಸಿ ಗೆಲ್ಲಬಹುದು. ಈ ಕರ್ರ್ ಅನ್ನೋದನ್ನ ಗೆಲ್ಲೋಕಾಗಲ್ಲ. ವಾಲ್ಯೂಮ್ ಏರಿಸಿದಷ್ಟೂ ಅದೂ ಏರುತ್ತೆ.

ಕಾರಣ ಸರಳ. ಮೀಡಿಯಂ ವೇವ್ ಅಂದರೆ ಎಎಂ ಪ್ರಸಾರ. ಇಲ್ಲಿ ಮಾತು, ಹಾಡು ಎಲ್ಲಾ ಅಲೆಯ ಬಲದ ಏರಿಳಿತದಲ್ಲಿ ಅಡಗಿರುತ್ತೆ. ವಿದ್ಯುತ್ ಸ್ವಿಚ್ಚಿನ ಕಿಡಿ, ಕೆಲವು ಮೋಟರು, ಎಲ್‌ಇಡಿ ದೀಪದ ಒಳಗಿನ ಸರ್ಕ್ಯೂಟು, ಇವೂ ಅಂಥದ್ದೇ ಏರಿಳಿತ ಹುಟ್ಟಿಸುತ್ತವೆ. ಯಾವುದು ಮನ್ಸೂರರ ತಾನ, ಯಾವುದು ಸ್ವಿಚ್ಚಿನ ಕಿಡಿ ಅಂತ ರೇಡಿಯೊಗೆ ಗೊತ್ತಾಗಲ್ಲ. ಎಫ್‌ಎಂನಲ್ಲಿ ಹಾಗಲ್ಲ. ಅಲ್ಲಿ ಧ್ವನಿ ಇರೋದು ಅಲೆಯ ಬಲದಲ್ಲಲ್ಲ, ಕಂಪನಾಂಕದ ಬದಲಾವಣೆಯಲ್ಲಿ. ಹಾಗಾಗಿ ಗದ್ದಲ ಬಹುಪಾಲು ಹೊರಗೇ ಉಳಿಯುತ್ತೆ.

ಹಾಗಾದರೆ ಎಎಂ ಕೇಂದ್ರವೊಂದರ ಕಾರ್ಯಕ್ರಮವನ್ನೇ ಊರಿನಲ್ಲೊಂದು ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟು ಮತ್ತೆ ಬಿತ್ತರಿಸಿದರೆ? ಇದೇ ಇವತ್ತಿನ ವಿಷಯ. ಅದಕ್ಕೆ ಸ್ವಲ್ಪ ಹಿಂದೆ ಹೋಗೋಣ.

ಕನ್ನಡ ನಾಡಿನ ರೇಡಿಯೊ ಹುಟ್ಟಿದ್ದೇ ಸಣ್ಣ ಟ್ರಾನ್ಸ್‌ಮಿಟರ್‌ನಿಂದ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದರು. ಶಕ್ತಿ ಎಷ್ಟು? ಬರೀ 30 ವ್ಯಾಟ್. ಇವತ್ತಿನ ಒಂದು ಸಣ್ಣ ಟ್ಯೂಬ್‌ಲೈಟಿನಷ್ಟು. ಆಮೇಲೆ ಅದು 250 ವ್ಯಾಟ್ ಆಯಿತು. ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡ 'ಆಕಾಶವಾಣಿ' ಅನ್ನೋ ಹೆಸರು ಬಂದಿದ್ದು ಈ ಮನೆಯ ಕೇಂದ್ರದಿಂದಲೇ. 1942ರ ಆರಂಭದಲ್ಲಿ ಮೈಸೂರು ಸರ್ಕಾರ ಅದನ್ನ ವಹಿಸಿಕೊಂಡಿತು.

ಆದರೆ ಅದು ಮೈಸೂರಿನ ಮಾತಾಯಿತು. ಕೃಷ್ಣಾ ತೀರದ ಕನ್ನಡಿಗರ ಪಾಡೇ ಬೇರೆ. ಜಮಖಂಡಿ ಸಂಸ್ಥಾನ 1948ರಲ್ಲಿ ವಿಲೀನವಾಗಿ, ಈ ಸೀಮೆ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಕರ್ನಾಟಕ ಒಂದಾಗೋಕೆ ಇನ್ನೂ ಎಂಟು ವರ್ಷ ಇತ್ತು. ಅಂಥ ಹೊತ್ತಲ್ಲಿ, 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಗ ಕೇಂದ್ರದಲ್ಲಿ ಪ್ರಸಾರ ಖಾತೆ ಇದ್ದದ್ದು ಧಾರವಾಡದವರೇ ಆದ ರಂಗನಾಥ ದಿವಾಕರರ ಕೈಯಲ್ಲಿ. ಮಲ್ಲಿಕಾರ್ಜುನ ಮನ್ಸೂರ, ಬೇಂದ್ರೆ, ಎನ್ಕೆ ಅವರಂಥವರೆಲ್ಲ ಆ ಕೇಂದ್ರದಲ್ಲಿ ಕೆಲಸ ಮಾಡಿದರು. ರಾಜ್ಯ ಒಂದಾಗೋಕೆ ಮುಂಚೆಯೇ ಉತ್ತರದ ಕನ್ನಡಕ್ಕೆ ಒಂದು ದನಿ ಸಿಕ್ಕಿತು ಅನ್ನಬಹುದು.

ಆ ದನಿ ಬನಹಟ್ಟಿಗೆ ಬರಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನೇರ ಗೆರೆ ಎಳೆದರೆ ಸಾಂಗಲಿಯ ಮರಾಠಿ ಕೇಂದ್ರವೇ ಧಾರವಾಡಕ್ಕಿಂತ ಹತ್ತಿರ. ಇಷ್ಟು ದೂರ ಮುಟ್ಟೋದಕ್ಕೆ ಬೇಕಾದದ್ದು ಮೀಡಿಯಂ ವೇವ್. ಹಗಲಲ್ಲಿ ಈ ಅಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತೆ. ಧಾರವಾಡದ್ದು 765 ಕಿಲೊಹರ್ಟ್ಸ್, ಶಕ್ತಿ 200 ಕಿಲೊವ್ಯಾಟ್. ಆ ಅಲೆಯ ಉದ್ದವೇ ಸುಮಾರು 392 ಮೀಟರ್. ಅದರ ಕಾಲು ಪಾಲು ಎತ್ತರದ ಟವರ್ ಬೇಕು ಅನ್ನೋದು ಸಾಮಾನ್ಯ ಲೆಕ್ಕ, ಅಂದರೆ 98 ಮೀಟರ್. ಬುಡದಲ್ಲಿ ಸುತ್ತಲೂ ತಾಮ್ರದ ತಂತಿ ಹೂಳಬೇಕು. ಇದನ್ನ ಊರಿಗೊಂದು ಮಾಡೋಕಾಗಲ್ಲ. ಎಫ್‌ಎಂ ಅಲೆಯೋ, ಮೂರೇ ಮೀಟರ್. ಆಂಟೆನಾ ಆಳೆತ್ತರ ಇದ್ದರೂ ಸಾಕು. ಆದರೆ ಅದು ಕಣ್ಣಿಗೆ ಕಾಣುವಷ್ಟೇ ದೂರ ಹೋಗೋದು, ಎತ್ತರದ ಕಂಬದ ಮೇಲೆ ಕೂರಿಸಬೇಕು.

ಭಾರತದಲ್ಲಿ ಎಫ್‌ಎಂ ಮೊದಲು ಬಂದಿದ್ದು 1977ರಲ್ಲಿ, ಮದ್ರಾಸಿನಲ್ಲಿ. ಅಮೆರಿಕದಲ್ಲಿ ಊರೂರಿನ ಎಎಂ ಕೇಂದ್ರಗಳು ಕೇಳುಗರನ್ನ ಕಳೆದುಕೊಳ್ಳತೊಡಗಿದಾಗ ಅಲ್ಲಿನ ಪ್ರಸಾರ ನಿಯಂತ್ರಕರು 2009ರಲ್ಲಿ ಒಂದು ದಾರಿ ಬಿಟ್ಟರು: ನಿಮ್ಮ ಕಾರ್ಯಕ್ರಮವನ್ನೇ ಹೆಚ್ಚೆಂದರೆ 250 ವ್ಯಾಟ್‌ನ ಎಫ್‌ಎಂ ಟ್ರಾನ್ಸ್‌ಲೇಟರ್‌ನಿಂದ ಮರುಪ್ರಸಾರ ಮಾಡ್ಕೊಳ್ಳಿ ಅಂತ. ಟ್ರಾನ್ಸ್‌ಲೇಟರ್ ಅಂದರೆ ಭಾಷಾಂತರ ಅಲ್ಲ, ಒಂದು ಕಂಪನಾಂಕದ್ದನ್ನ ಇನ್ನೊಂದಕ್ಕೆ ದಾಟಿಸೋ ಯಂತ್ರ.

ನಮ್ಮಲ್ಲಿ ಇದರ ಹೆಸರು ರಿಲೇ ಕೇಂದ್ರ. ದೂರದರ್ಶನದ ಹಳೆಯ ಸಣ್ಣ ಟಿವಿ ಟ್ರಾನ್ಸ್‌ಮಿಟರ್‌ಗಳು ಮುಚ್ಚಿದಾಗ ಜಾಗ, ಕಂಬ, ಕರೆಂಟು ಎಲ್ಲಾ ಉಳಿದವು. ಅಂಥ ಎಷ್ಟೋ ಕಡೆ 100 ವ್ಯಾಟ್ ಎಫ್‌ಎಂ ಕೂರಿಸಿದರು. ಮೂಲ ಕಾರ್ಯಕ್ರಮವನ್ನ ಉಪಗ್ರಹದಿಂದ ಡಿಶ್‌ನಲ್ಲಿ ಇಳಿಸಿಕೊಂಡು ಬಿತ್ತರಿಸೋದು, ಸ್ಟುಡಿಯೊ ಬೇಕಿಲ್ಲ. 2023ರ ಏಪ್ರಿಲ್ 28ರಂದು ಇಂಥ 91 ಟ್ರಾನ್ಸ್‌ಮಿಟರ್‌ಗಳನ್ನ ಪ್ರಧಾನಿ ಒಟ್ಟಿಗೇ ಉದ್ಘಾಟಿಸಿದರು. 18 ರಾಜ್ಯ, 2 ಕೇಂದ್ರಾಡಳಿತ ಪ್ರದೇಶ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಕೇರಳ ಆ ಪಟ್ಟಿಯಲ್ಲಿದ್ದವು. ಕರ್ನಾಟಕ ಇರಲಿಲ್ಲ.

ಈಗ ಬನಹಟ್ಟಿಯನ್ನೇ ಲೆಕ್ಕಕ್ಕೆ ತಗೊಳ್ಳೋಣ. ಆ 91 ಟ್ರಾನ್ಸ್‌ಮಿಟರ್ ಸೇರಿ ಸುಮಾರು 35,000 ಚದರ ಕಿಲೋಮೀಟರ್ ಮುಟ್ಟುತ್ತವೆ ಅಂತ ಸರ್ಕಾರ ಹೇಳಿತ್ತು. ಭಾಗಿಸಿದರೆ ಒಂದಕ್ಕೆ 385 ಚದರ ಕಿಲೋಮೀಟರ್, ಅಂದರೆ ಸುತ್ತ ಹನ್ನೊಂದು ಕಿಲೋಮೀಟರ್. ಬನಹಟ್ಟಿಯಲ್ಲಿ ನಿಂತು ಆ ವೃತ್ತ ಎಳೆದರೆ ರಬಕವಿ ಒಳಗೆ, ತೇರದಾಳ ಒಳಗೆ, ಮಹಾಲಿಂಗಪುರ ಅಂಚಿನಲ್ಲಿ. ಜಮಖಂಡಿ ಹೊರಗೆ. ಧಾರವಾಡದ ಎರಡು ಸಾವಿರದಲ್ಲಿ ಒಂದು ಪಾಲು ಶಕ್ತಿಗೆ ಮಗ್ಗದ ಊರುಗಳ ಒಂದು ಸಾಲೇ ಸಿಗುತ್ತೆ.

ಮೊಬೈಲ್ ಇದೆಯಲ್ಲ, ಆ್ಯಪ್‌ನಲ್ಲಿ ಕೇಳಬಹುದಲ್ಲ ಅನ್ನಬಹುದು. ನಿಜ. ಆದರೆ ಅದಕ್ಕೆ ಡೇಟಾ ಬೇಕು, ನೆಟ್‌ವರ್ಕ್ ಬೇಕು. ಹೊಳೆ ಉಕ್ಕಿ ಕರೆಂಟು, ಟವರ್ ಎರಡೂ ಹೋದ ದಿನ ಉಳಿಯೋದು ಬ್ಯಾಟರಿ ರೇಡಿಯೊ ಒಂದೇ. ಎಫ್‌ಎಂ ಎಷ್ಟೋ ಮೊಬೈಲ್‌ಗಳ ಒಳಗೇ ಇದೆ, ಮೀಡಿಯಂ ವೇವ್ ಇಲ್ಲ.

ಇನ್ನೊಂದು ಮಾತಿದೆ, ಅದೇ ಮುಖ್ಯ. ರಿಲೇ ಬಂತು ಅಂತಿಟ್ಟುಕೊಳ್ಳಿ, ಯಾವ ಕೇಂದ್ರದ್ದು? ಅಮೆರಿಕದ ಊರಿನ ಟ್ರಾನ್ಸ್‌ಲೇಟರ್ ಅದೇ ಊರಿನ ಎಎಂ ಕೇಂದ್ರವನ್ನ ಕೇಳಿಸುತ್ತೆ. ನಮ್ಮಲ್ಲಿ ಡಿಶ್ ಎಲ್ಲಿಂದ ಬೇಕಾದರೂ ಇಳಿಸಿಕೊಳ್ಳುತ್ತೆ. ಅದರಲ್ಲಿ ಮುಂಬೈನ ಹಿಂದಿ ಹಾಡು ಬಂದರೆ ಸದ್ದು ಸ್ವಚ್ಛವಾಯಿತು, ಅಷ್ಟೇ. ಧಾರವಾಡದ ಕೃಷಿ ಮಾತು, ವಾರ್ತೆ, ಸಂಗೀತ ಹತ್ತಿರ ಬರಲಿಲ್ಲ. ಕೇಳೋದಾದರೆ ಟ್ರಾನ್ಸ್‌ಮಿಟರ್ ಜೊತೆ ಧಾರವಾಡವನ್ನೂ ಕೇಳಬೇಕು.

ಇನ್ನೊಂದು ದಾರಿ ಸಮುದಾಯ ರೇಡಿಯೊ. ಅಲೆಗಳು ಸಾರ್ವಜನಿಕ ಸೊತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. 2006ರ ನೀತಿ ಬಂದಾಗಿನಿಂದ ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆ ಪರವಾನಗಿ ಕೇಳಬಹುದು. ಶಕ್ತಿಯ ಮಿತಿ ಅಲ್ಲೂ ಸಾಮಾನ್ಯವಾಗಿ 100 ವ್ಯಾಟ್, ಕಂಬ 30 ಮೀಟರ್. ಅರ್ಧದಷ್ಟು ಕಾರ್ಯಕ್ರಮ ಊರವರದ್ದೇ ಆಗಿರಬೇಕು. ರಿಲೇ ಧಾರವಾಡವನ್ನ ಬನಹಟ್ಟಿಗೆ ತರುತ್ತೆ, ಸಮುದಾಯ ರೇಡಿಯೊ ಬನಹಟ್ಟಿಯನ್ನ ಬನಹಟ್ಟಿಗೇ ಕೇಳಿಸುತ್ತೆ. ಒಂದು ಇನ್ನೊಂದಕ್ಕೆ ಬದಲಿ ಅಲ್ಲ, ಎರಡೂ ಬೇಕು.

ಮೈಸೂರಿನಲ್ಲಿ 30 ವ್ಯಾಟ್ ಸಾಕಾಗಿತ್ತು, ಯಾಕಂದರೆ ಯಾರನ್ನ ಕೇಳಿಸಬೇಕು ಅಂತ ಗೋಪಾಲಸ್ವಾಮಿಯವರಿಗೆ ಗೊತ್ತಿತ್ತು. 100 ವ್ಯಾಟ್‌ಗೂ ಅದೇ ಮಾತು.