ಗೃಹೋದ್ಯಾನವೂ ವೃಕ್ಷಾಯುರ್ವೇದವೂ

ಮನೆಯ ಹಿತ್ತಿಲಲ್ಲಿ ನಾಲ್ಕು ಗಿಡಗಳನ್ನು ಬೆಳೆಸುವುದು ತೋಟದಾಳಿನ ಕೆಲಸವೆಂದೂ, ವಿದ್ಯಾವಂತರು ಅದರ ವಿಚಾರವಾಗಿ ತಲೆ ಕೆಡಿಸಿಕೊಳ್ಳಬೇಕಾದುದಿಲ್ಲವೆಂದೂ ಭಾವಿಸುವವರು ನಮ್ಮಲ್ಲಿ ಬಹುಮಂದಿ. ಪೂರ್ವಿಕರ ಮತವು ಹೀಗಿರಲಿಲ್ಲ. ಮನುಷ್ಯರ ವೈದ್ಯಕ್ಕೆ ಸಲ್ಲುವ ಹೆಸರನ್ನೇ ಇದಕ್ಕೂ ಕೊಟ್ಟು ವೃಕ್ಷಾಯುರ್ವೇದವೆಂದು ಕರೆದರು. ಈ ಶಾಸ್ತ್ರದ ತವರು ಅರಸರ ಉಪವನವಲ್ಲ, ಗೃಹಿಣಿಯ ಹಿತ್ತಿಲೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಮೊದಲನೆಯ ಆಧಾರವು ವಾತ್ಸ್ಯಾಯನನ ಕಾಮಸೂತ್ರ. ಹೆಸರನ್ನು ಕೇಳಿದೊಡನೆ ಹುಬ್ಬುಗಂಟಿಕ್ಕುವ ಮಹನೀಯರು ಅದರಲ್ಲಿಯ ಭಾರ್ಯಾಧಿಕಾರಿಕವೆಂಬ ಅಧಿಕರಣವನ್ನು ಓದಿದವರಾಗಿರಲಾರರು. ಅಲ್ಲಿ ಗ್ರಂಥಕಾರನು ಮನೆಯ ತೋಟವನ್ನು ಸಂಪೂರ್ಣವಾಗಿ ಗೃಹಿಣಿಯ ಕೈಗೆ ಒಪ್ಪಿಸಿದ್ದಾನೆ. ಶುಚಿಯಾದ ನೆಲದಲ್ಲಿ ಕಾಯಿಪಲ್ಯದ ಮಡಿಗಳು, ಕಬ್ಬು, ಜೀರಿಗೆ, ಸಾಸಿವೆ, ಸಬ್ಬಸಿಗೆ. ಹೂವಿಗೆ ಮಲ್ಲಿಗೆ, ಜಾಜಿ, ನಂದಿಬಟ್ಟಲು, ದಾಸವಾಳ. ನಡುವೆ ಬಾವಿಯೋ ಕೊಳವೋ ಇರತಕ್ಕದ್ದು. ಮೂಲಂಗಿ, ಬದನೆ, ಸೌತೆ, ಕುಂಬಳ, ಸೋರೆ ಮೊದಲಾದವುಗಳ ಬೀಜಗಳನ್ನು ಸಂಗ್ರಹಿಸಿಟ್ಟುಕೊಂಡು ಕಾಲವರಿತು ಬಿತ್ತಬೇಕಾದವಳೂ ಅವಳೇ. ಅದೇ ಗ್ರಂಥವು ಅರುವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ವೃಕ್ಷಾಯುರ್ವೇದವನ್ನೂ ಎಣಿಸಿದೆ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮೃದುವಾದ ಮಣ್ಣು ಎಲ್ಲ ಗಿಡಗಳಿಗೂ ಹಿತ. ಅದರಲ್ಲಿ ಮೊದಲು ಎಳ್ಳನ್ನು ಬಿತ್ತಿ, ಹೂ ಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕೆನ್ನುತ್ತಾನೆ. ಇಂದಿನ ಕೃಷಿಪಂಡಿತರು ಹಸುರುಗೊಬ್ಬರವೆಂದು ಬೋಧಿಸುವುದು ಇದನ್ನೇ ಅಲ್ಲವೆ? ಮರದಿಂದ ಮರಕ್ಕೆ 20 ಮೊಳದ ಅಂತರವು ಉತ್ತಮ, 16 ಮಧ್ಯಮ, 12 ಅಧಮ. ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ಬೆಳಗೂ ಸಂಜೆಯೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರು. ಈ ಕಡೆಯ ಮಾತನ್ನು ಮರೆತುದರಿಂದಲೇ ನಮ್ಮ ಎಷ್ಟೋ ಮನೆಗಳ ತುಳಸಿ ಆಷಾಢ ಶ್ರಾವಣಗಳಲ್ಲಿ ಬೇರು ಕೊಳೆತು ಸಾಯುತ್ತದೆ. ಸುರಿಯುವ ಮಳೆಯಲ್ಲಿಯೂ ಭಕ್ತಿಯಿಂದ ತುಂಬಿದ ಚೊಂಬನ್ನು ಬಗ್ಗಿಸಿ, ಅನಂತರ ಮನೆಗೆ ಏನು ದೋಷವೆಂದು ಜೋಯಿಸರನ್ನು ಕೇಳುವುದುಂಟು! ಬುಡಕ್ಕೆ ಒಂದು ಹನಿಯನ್ನು ಪ್ರೋಕ್ಷಿಸಿದರೆ ದೇವಿಯು ಮುನಿಯಳು.

ರೋಗ ಬಂದ ಕೊಂಬೆಗೆ ಆತನ ಚಿಕಿತ್ಸೆಯು ವ್ರಣವೈದ್ಯದಂತೆಯೇ ಇದೆ: ಕೆಟ್ಟ ಭಾಗವನ್ನು ಶಸ್ತ್ರದಿಂದ ತೆಗೆದು, ವಾಯುವಿಳಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚಿ, ಹಾಲು ಬೆರೆಸಿದ ನೀರನ್ನು ಎರೆಯತಕ್ಕದ್ದು. ಹಾಲಿನ ಗುಣವು ಹೇಗಾದರೂ ಇರಲಿ, ಕೊಯ್ದು ಶುದ್ಧಿಮಾಡಿ ಗಾಯವನ್ನು ಮುಚ್ಚುವ ಕ್ರಮವು ಯುಕ್ತವಾದುದು.

ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೆಂದರೆ, 1025ರಲ್ಲಿ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಈ ವಿದ್ಯೆಯನ್ನು ಲೋಕೋಪಕಾರವೆಂಬ ಗ್ರಂಥದಲ್ಲಿ ಕನ್ನಡಕ್ಕೆ ತಂದುದು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ.) ಅಂತರ್ಜಲವನ್ನು ಅರಿಯುವುದು, ಅಡುಗೆ, ಗೋವೈದ್ಯ, ವಿಷವೈದ್ಯಗಳ ಜೊತೆಗೆ ಆತನು ವೃಕ್ಷಾಯುರ್ವೇದವನ್ನು ಸೇರಿಸಿರುವ ಕ್ರಮವನ್ನು ನೋಡಿರಿ. ಬಾವಿ, ಒಲೆ, ಕೊಟ್ಟಿಗೆಗಳ ನೆರೆಯಲ್ಲಿ ಹಿತ್ತಿಲಿಗೆ ಸ್ಥಾನ ದೊರೆತಿದೆ. ಸಂಸಾರಿಗಳಿಗೆ ಬೇಕಾದುದನ್ನೆಲ್ಲ ಒಂದೆಡೆ ಕೂಡಿಸಿದ ಪುಸ್ತಕವಿದು.

ಸುರಪಾಲನೆಂಬ ಪಂಡಿತನ ಸಂಸ್ಕೃತ ವೃಕ್ಷಾಯುರ್ವೇದವು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯಿಂದ 1996ರಲ್ಲಿ ಸಿಕಂದರಾಬಾದಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಲೋಕೋಪಕಾರದ ಇಂಗ್ಲಿಷ್ ಅನುವಾದವೂ 2006ರಲ್ಲಿ ಅಲ್ಲಿಂದಲೇ ಹೊರಬಂದಿತು. ಗಿಡಗಳಿಗೂ ವಾತ, ಪಿತ್ತ, ಕಫಗಳ ವಿಕಾರವನ್ನು ಹೇಳುವ ಸುರಪಾಲನು ಕುಣಪಜಲವೆಂಬ ಗೊಬ್ಬರವನ್ನು ವಿವರಿಸಿದ್ದಾನೆ. ಮಾಂಸವನ್ನು ಬೇಯಿಸಿ ಕೊಳೆಯಿಸುವ ಆ ವಿಧಾನವು ಅನೇಕರ ಮನೆಗಳಿಗೆ ಒಗ್ಗದು. ವರಾಹಮಿಹಿರನು ಹೇಳುವ ಗೊಬ್ಬರದಲ್ಲಿಯೂ ಮಾಂಸವುಂಟು. ಉಳಿದುದು ಆಡುಕುರಿಗಳ ಹಿಕ್ಕೆಯ ಪುಡಿ, ಎಳ್ಳು, ಹಿಟ್ಟು, ನೀರು. ಇವನ್ನು ಏಳು ರಾತ್ರಿ ನೆನೆಯಿಟ್ಟು ಬುಡಕ್ಕೆ ಎರೆಯಬೇಕು. ನಮ್ಮ ಹೆಂಗಸರು ಹಿಂಡಿಯನ್ನು ಹಳೆಯ ಮಡಕೆಯಲ್ಲಿ ಕೊಳೆಯಿಸಿ, ತಿಳಿನೀರು ಬೆರೆಸಿ ಗುಲಾಬಿಗೂ ಮಲ್ಲಿಗೆಗೂ ಹಾಕುವುದು ಇದರ ಸೋದರವಿಧಿಯೇ ಆಗಿದೆ. ಅವರು ಅದನ್ನು ಯಾವ ಸಂಹಿತೆಯಿಂದಲೂ ಕಲಿತವರಲ್ಲ, ಅತ್ತೆಯಿಂದ ಕಲಿತವರು.