ಔಷಧಕ್ಕಿಂತ ಮೊದಲೇ ಬಂದ ಎಚ್ಚರಿಕೆ

ಪ್ರತಿಜೈವಿಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳು ಇತ್ತೀಚಿನವೆಂದು ನೀವು ಭಾವಿಸಿರಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ. ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದು ಬ್ಯಾಕ್ಟೀರಿಯದಲ್ಲಿದೆ ಎಂದು ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೈನ್ ಪ್ರಕಟಿಸಿದ್ದು 1940ರ ಡಿಸೆಂಬರಿನಲ್ಲಿ. ಅಲ್ಲಿ ಸೋಂಕಿನ ಚಿಕಿತ್ಸೆಗೆಂದು ಪೆನಿಸಿಲಿನ್ ಚುಚ್ಚುಮದ್ದು ಮೊದಲು ಕೊಟ್ಟದ್ದು 1941ರ ಫೆಬ್ರವರಿಯಲ್ಲಿ!

ಸಾಲದ ಪ್ರಮಾಣದಲ್ಲಿ ಔಷಧ ಸೇವಿಸಿದರೆ ರೋಗಾಣುಗಳು ಅದಕ್ಕೆ ನಿರೋಧ ಗಳಿಸುತ್ತವೆ ಎಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದರು. 1952ರಲ್ಲಿ ಲೆಡರ್‌ಬರ್ಗ್ ದಂಪತಿಗಳು ಒಂದು ತಟ್ಟೆಯ ಬ್ಯಾಕ್ಟೀರಿಯ ಸಮೂಹಗಳನ್ನು ಮಖಮಲ್ಲು ಬಟ್ಟೆಯಿಂದ ಬೇರೆ ತಟ್ಟೆಗಳಿಗೆ ಅಚ್ಚೊತ್ತಿ ಪರೀಕ್ಷಿಸಿದರು. ನಿರೋಧಕ ಕೋಶಗಳು ಔಷಧ ಸೋಕುವ ಮೊದಲೇ ಇದ್ದವು! ಔಷಧ ಅವನ್ನು ಸೃಷ್ಟಿಸುವುದಿಲ್ಲ. ಉಳಿದವನ್ನು ಕೊಂದು ಅವಕ್ಕೆ ಜಾಗ ಮಾಡಿಕೊಡುತ್ತದೆ.

2019ರಲ್ಲಿ ಈ ನಿರೋಧದಿಂದಲೇ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ನೆಗಡಿಗೆ ಕಾರಣ ವೈರಸ್. ಅದಕ್ಕೂ ಪ್ರತಿಜೈವಿಕ ನುಂಗಿದರೆ ವೈರಸ್ ಸಾಯದು. ನಿರೋಧಕ ಬ್ಯಾಕ್ಟೀರಿಯಗಳಿಗೆ ಮಾತ್ರ ಜಾಗ ಸಿಗುತ್ತದೆ.